ಹಿನೊಸೆಗೆ ನಾಲ್ಕು ನಿಮಿಷ

ಸಿಟ್ಟು ಬಂದಾಗ ಆಣೆ ಇಡದ ಮನುಷ್ಯನಿಲ್ಲ. ಆದರೆ ಆಣೆ ಇಡುವ ಮುಂಚೆ ರೈಲಿನ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಮಿತಾನಿ ಊರಿನ ಉಸಾಮಿ ಕಿನ್ಜೊ ನೋಡಿಕೊಂಡಿರಲಿಲ್ಲ. "ಇನ್ನು ಮೇಲೆ ಹಿನೊಸೆ ಸ್ಟೇಷನ್ನಲ್ಲಿ ನನ್ನ ಕಾಲು ಕಂಡರೆ ಕೇಳಿ!" ಎಂದು ಇನ್ನೂರು ಜನರ ಮುಂದೆ ಗುಡುಗಿಬಿಟ್ಟಿದ್ದರು. ಹಿನೊಸೆ ಕಮಿತಾನಿಯ ಮುಂದಿನ ನಿಲ್ದಾಣ. ರೈಲಿನಲ್ಲಿ ನಾಲ್ಕು ನಿಮಿಷದ ದಾರಿ. ಊರಿಗೆಲ್ಲ ಇದ್ದ ಒಬ್ಬನೇ ಒಳ್ಳೆಯ ಹಲ್ಲಿನ ವೈದ್ಯ ಹಿನೊಸೆಯಲ್ಲಿದ್ದ. ಆಣೆ ಹದಿನೆಂಟು ವರ್ಷ ಗಟ್ಟಿಯಾಗಿ ಉಳಿಯಿತು, ಹಲ್ಲುಗಳು ಉಳಿಯಲಿಲ್ಲ.

ಆಗ ಸಣ್ಣ ಊರುಗಳೆಲ್ಲ ಒಂದಾಗಬೇಕೆಂದು ಸರ್ಕಾರ ಹೇಳಿತ್ತು. ಕಮಿತಾನಿ ಮತ್ತು ಹಿನೊಸೆ ಒಂದಾಗಲು ಒಪ್ಪಿದ್ದವು. ಪುರಸಭೆ ಯಾರ ಊರಲ್ಲಿರಬೇಕು, ಕಸದ ಲಾರಿ ಯಾವ ವಾರ ಬರಬೇಕು, ಎಲ್ಲ ತೀರ್ಮಾನವಾಗಿತ್ತು. ಕೊನೆಗೆ ಉಳಿದದ್ದು ಹೆಸರು. ಈ ಊರಿನವರು 'ಕಮಿಹಿನೊ' ಎಂದರು, ಆ ಊರಿನವರು 'ಹಿನೊಕಮಿ' ಎಂದರು. ಇಲ್ಲಿಂದ ಸಮಿತಿಗೆ ಹೋದವರು ಕಿನ್ಜೊ. ಅಲ್ಲಿಂದ ಬಂದವರು ಹತಾನೊ ಯಸೊಜಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಭಾನುವಾರ ತಪ್ಪದೆ ಒಬ್ಬರ ಮನೆಯಲ್ಲಿ ಒಬ್ಬರು ಶೋಗಿ ಚದುರಂಗ ಆಡಿದವರು.

ಕೊನೆಯ ಸಭೆಯಲ್ಲಿ ಕಿನ್ಜೊ ಎದ್ದು ನಿಂತು, "ಹಿನೊಕಮಿ ಅಂದ್ರೆ ಕೇಳೋರ ಕಿವಿಗೆ ಬೆಂಕಿ ದೇವರು ಅಂತಾಗತ್ತೆ. ಆ ಹೆಸರಿನ ಊರಲ್ಲಿರೋ ಮನೆಗಳಿಗೆ ಯಾವ ವಿಮೆಯವನು ಪಾಲಿಸಿ ಕೊಡ್ತಾನೆ?" ಎಂದರು. ಸಭೆ ನಕ್ಕಿತು.

ಯಸೊಜಿ ಕೂತಲ್ಲಿಂದಲೇ, "ಕಮಿ ಅಂದ್ರೆ ದೇವರಷ್ಟೇ ಅಲ್ಲ, ಕಾಗದವೂ ಹೌದು, ಹಿ ಅಂದ್ರೆ ಬೆಂಕಿ. ಕಮಿಹಿನೊ ಅಂದ್ರೆ ಕಾಗದದ ಬೆಂಕಿ ಕಣೋ. ಭಗ್ ಅಂತ ಹತ್ತಿ ಫುಸ್ ಅಂತ ಆರತ್ತೆ. ಥೇಟ್ ನಿನ್ನ ಹಾಗೆ," ಎಂದರು. ಸಭೆ ಇನ್ನೂ ಜೋರಾಗಿ ನಕ್ಕಿತು.

ಮೊದಲ ನಗೆ ಕಿನ್ಜೊ ಅವರಿಗೆ ನ್ಯಾಯವಾಗಿಯೇ ಕಂಡಿತು. ಎರಡನೆಯದು ಕಾಣಲಿಲ್ಲ. ಆಣೆಯಿಟ್ಟು, ಬಾಗಿಲಲ್ಲಿದ್ದ ಕೊಡೆಗಳಲ್ಲಿ ಒಂದನ್ನು ಕಿತ್ತುಕೊಂಡು, ಸುರಿಯುವ ಮಳೆಯಲ್ಲಿ ಹೊರಟುಬಿಟ್ಟರು. ಮನೆಗೆ ಬಂದು ನೋಡಿದರೆ ಕೊಡೆ ಅವರದ್ದಲ್ಲ. ಕಪ್ಪು ಬಟ್ಟೆ, ಬಿದಿರಿನ ಹಿಡಿ, ಹಿಡಿಯ ಮೇಲೆ ಚಾಕುವಿನಿಂದ ಕೊರೆದ ಎಂಟರ ಅಕ್ಷರ. ಯಸೊಜಿಯ ಹೆಸರು ಬರೆಯುವಾಗ ಶುರುವಾಗುವುದೇ ಆ ಅಕ್ಷರದಿಂದ, ಅದನ್ನು 'ಯ' ಎಂದೂ ಓದುತ್ತಾರೆ.

ಊರುಗಳು ಒಂದಾಗಲಿಲ್ಲ. ಕೊಡೆ ಹಿಂದಿರುಗಲಿಲ್ಲ. ನಡುವೆ ಒಂದು ವರ್ಷ ಯಸೊಜಿಯ ಹೆಂಡತಿ ತೀರಿಕೊಂಡರು. ಕಿನ್ಜೊ ಕಪ್ಪು ಕೋಟು ಹಾಕಿಕೊಂಡು ಕಮಿತಾನಿ ಸ್ಟೇಷನ್ನಿನವರೆಗೆ ಹೋದರು, ಮೂರು ರೈಲು ಬಂದು ಹೋಗುವುದನ್ನು ನೋಡಿದರು, ಮನೆಗೆ ವಾಪಸ್ ಬಂದು ಸಂತಾಪದ ಲಕೋಟೆಯನ್ನು ಅಂಚೆಗೆ ಹಾಕಿದರು.

ಇಬ್ಬರ ನಡುವೆ ಉಳಿದಿದ್ದ ಒಂದೇ ದಾರಿ ತೋಫು ಮಾರುವ ಕುಮೆ. ಹಿನೊಸೆಯಲ್ಲಿ ಯಸೊಜಿಯ ಎದುರುಮನೆಯವಳು. ಶುಕ್ರವಾರಕ್ಕೊಮ್ಮೆ ಸಣ್ಣ ವ್ಯಾನಿನಲ್ಲಿ ಕೊಂಬು ಊದುತ್ತ ಕಮಿತಾನಿಗೆ ಬರುತ್ತಿದ್ದಳು. ಕಿನ್ಜೊ ತೋಫು ತಗೊಂಡು, ಬೇರೆಲ್ಲೋ ನೋಡುತ್ತ, "ನಿಮ್ಮ ಕಡೆ ಎಲ್ಲ ಹೇಗಿದಾರೆ?" ಎಂದು ಕೇಳುವರು. "ಎಲ್ಲ" ಎಂದರೆ ಯಾರು ಎಂದು ಕುಮೆಗೆ ಗೊತ್ತು. "ಎಲ್ಲರಿಗೂ ಮಂಡಿ ನೋವಂತೆ," ಎನ್ನುವಳು. ಇನ್ನೊಂದು ವಾರ, "ಎಲ್ಲರೂ ಈಗ ಕಿವಿ ಕೇಳಿಸಲ್ಲ ಅಂತ ಫೋನ್ ತೆಗೆಸಿಬಿಟ್ರು," ಎನ್ನುವಳು.

ನವೆಂಬರಿನ ಒಂದು ಶುಕ್ರವಾರ ಅವಳು ಹೇಳಿದ್ದು ಬೇರೆ.

"ಎಲ್ಲರೂ ನಾಳೆ ಹೋಗ್ತಿದಾರೆ, ಉಸಾಮಿಯವರೇ."

"ಎಲ್ಲಿಗೆ?"

"ಹೊಕ್ಕೈಡೊಗೆ, ಉತ್ತರದ ತುದಿಗೆ. ಮಗಳು ಮಿನಾಕೊ ಬಂದಿದಾಳೆ. ಮನೆ ಖಾಲಿ ಮಾಡಿದ್ದಾಯ್ತು. ನಾಳೆ ಎರಡು ಗಂಟೆಗೆ ಕಾರು. ಡಾಕ್ಟರು ಏನೋ ಹೇಳಿದಾರಂತೆ, ಇನ್ನು ಈ ಕಡೆ ಬರೋ ಹಾಗಿಲ್ಲ."

ಕಿನ್ಜೊ ಒಂದರ ಬದಲು ಎರಡು ತೋಫು ತಗೊಂಡು, ಚಿಲ್ಲರೆ ಮರೆತು, ಒಳಗೆ ಹೋದರು.

ಆಣೆಯಲ್ಲಿ ಇದ್ದದ್ದು ಸ್ಟೇಷನ್ನಿನ ಮಾತು, ಊರಿನ ಮಾತಲ್ಲ. ಇದನ್ನು ಕಂಡುಹಿಡಿಯಲು ಅವರಿಗೆ ಹದಿನೆಂಟು ವರ್ಷ ಹಿಡಿಯಿತು. ನಡೆದುಕೊಂಡು ಹೋದರೆ ಮಾತಿಗೂ ಭಂಗವಿಲ್ಲ, ಕೆಲಸವೂ ಆಗುತ್ತದೆ. ಹಳೆಯ ದಾರಿ ಅವರ ಕಾಲಿಗೇ ಗೊತ್ತು: ಊರ ಹಿಂದಿನ ಸಿರಿಧಾನ್ಯದ ಹೊಲ ದಾಟಿ, ಗುಡ್ಡದ ಕಾಡು ಹತ್ತಿ, ಜಿಜೊ ದೇವರ ಕಲ್ಲಿನ ಹತ್ತಿರ ಎಡಕ್ಕೆ ತಿರುಗಿ ಇಳಿದರೆ ಯಸೊಜಿಯ ಮನೆಯ ಹಿತ್ತಿಲು. ಎರಡು ಗಂಟೆಯ ನಡಿಗೆ. ಮೂವತ್ತನಾಲ್ಕು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದ ಕಾಲು, ದಾರಿ ಮರೆಯುವುದೆಂದರೇನು!

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಎದ್ದು ನಿಂತರು. ಹೆಂಡತಿಗೆ ನಿಜ ಹೇಳುವುದು ಹೇಗೆ? ಹದಿನೆಂಟು ವರ್ಷ "ಹೋಗಿ ಮಾತಾಡಿಸಿ ಬನ್ರೀ" ಎಂದು ಅವಳು ಹೇಳಿ ಸೋತಿದ್ದಳು. ಈಗ ಹೋಗುತ್ತೇನೆಂದರೆ ಅವಳು ಗೆದ್ದಂತಾಗುತ್ತದೆ.

"ತೋಫು ತರ್ತೀನಿ," ಎಂದರು.

ಶಿಜುಯೆ ಅಡುಗೆಮನೆಯಿಂದ ತಲೆ ಹೊರಹಾಕಿದಳು. "ತೋಫುನಾ? ನಿನ್ನೆ ತಾನೇ ಎರಡು ತಂದಿದೀರಲ್ರೀ. ಇವತ್ತು ಶನಿವಾರ. ಕುಮೆ ಬರಲ್ಲ."

ಬಾಗಿಲು ಮುಚ್ಚಿಕೊಂಡಿತು. ಮೊಬೈಲು ಚಪ್ಪಲಿ ಗೂಡಿನ ಮೇಲೆ ಉಳಿಯಿತು.

ಹೊರಗೆ ಪಕ್ಕದ ಮನೆಯ ನೆಗಿಶಿ ಎಲೆ ಗುಡಿಸುತ್ತಿದ್ದಳು. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಕಿನ್ಜೊ ಅವರ ಕೈಯಲ್ಲಿ ಕಪ್ಪು ಕೊಡೆ.

"ಏನು ಉಸಾಮಿಯವರೇ, ಬೆಳಗ್ಗೆ ಬೆಳಗ್ಗೆ ಎಲ್ಲಿಗೆ ಸವಾರಿ?"

ಹೆಂಡತಿಗೆ ಸುಳ್ಳು ಹೇಳಿಯಾಗಿತ್ತು. ನೆರೆಯವಳಿಗಾದರೂ ನಿಜ ಹೇಳೋಣ ಎನ್ನಿಸಿತು. "ಹಿನೊಸೆಗೆ. ಹತಾನೊನ ನೋಡ್ಕೊಂಡ್ಬರ್ತೀನಿ. ನಡ್ಕೊಂಡೇ," ಎಂದು ಹೊರಟುಬಿಟ್ಟರು.

ನೆಗಿಶಿಯ ಕೈಯಿಂದ ಪೊರಕೆ ಬಿತ್ತು. ಐದು ನಿಮಿಷದಲ್ಲಿ ಅವಳು ಶಿಜುಯೆಯ ಅಡುಗೆಮನೆಯಲ್ಲಿದ್ದಳು.

"ಶಿಜುಯೆಯವರೇ, ಕೂತ್ಕೊಳಿ. ಮೊದಲು ಕೂತ್ಕೊಳಿ. ನಿಮ್ಮ ಯಜಮಾನರು ಹಿನೊಸೆಗೆ ಹೋಗ್ತೀನಿ ಅಂದ್ರು."

"ಹಿನೊಸೆಗಾ?"

"ಹತಾನೊ ಅವರನ್ನ ನೋಡೋಕೆ."

"ಹತಾನೊ ಅವರನ್ನಾ?"

"ಬಿಸಿಲಲ್ಲಿ, ಕೊಡೆ ಹಿಡ್ಕೊಂಡು."

ಶಿಜುಯೆ ಕೂತಳು. ಫ್ರಿಜ್ಜಿನ ಬಾಗಿಲ ಮೇಲೆ ಪುರಸಭೆಯವರು ಹಂಚಿದ ಕಾಗದವೊಂದಿತ್ತು: 'ಮರೆವಿನ ಕಾಯಿಲೆ, ಮನೆಯವರು ಗಮನಿಸಬೇಕಾದ ಲಕ್ಷಣಗಳು.' ನೆಗಿಶಿ ಕನ್ನಡಕ ಹಾಕಿಕೊಂಡು ಓದತೊಡಗಿದಳು. "ಒಂದು, ತಂದ ಸಾಮಾನನ್ನೇ ಮತ್ತೆ ತರಲು ಹೋಗುವುದು."

"ತೋಫು," ಎಂದಳು ಶಿಜುಯೆ ಕ್ಷೀಣವಾಗಿ.

"ಎರಡು, ಹವಾಮಾನಕ್ಕೆ ಹೊಂದದ ಉಡುಪು, ಸಾಮಾನು."

"ಕೊಡೆ."

"ಮೂರು, ಸ್ವಭಾವಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದು."

ಶಿಜುಯೆ ಸೆರಗಿನಂತೆ ಮುಂದೆ ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಜೀವಮಾನದಲ್ಲಿ ಮೊದಲ ಸಲ ಬುದ್ಧಿವಂತಿಕೆಯ ಕೆಲಸಕ್ಕೆ ಹೊರಟಿದ್ದಾನೆ. ಅದರಿಂದಲೇ ಅವನ ಬುದ್ಧಿ ಕೆಟ್ಟಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ನೆಗಿಶಿ ಪೊಲೀಸರಿಗೆ ಫೋನ್ ಮಾಡಿ ಶಿಜುಯೆಯ ಕೈಗೆ ಕೊಟ್ಟಳು.

ಇತ್ತ ಕಿನ್ಜೊ ಊರ ಹಿಂದೆ ಸಿರಿಧಾನ್ಯದ ಹೊಲ ಹುಡುಕುತ್ತಿದ್ದರು. ಹೊಲವಿದ್ದ ಕಡೆ 'ಹಸಿರುದಿಣ್ಣೆ ಬಡಾವಣೆ' ಎಂಬ ಫಲಕವಿತ್ತು. ಹೆಸರಿಡುವ ಮುಂಚೆ ಹಸಿರನ್ನೆಲ್ಲ ಕಡಿದು ಮುಗಿಸಿದ್ದರು. ನೂರೆಂಬತ್ತು ಮನೆ, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಅದೇ ಬಿಳಿ ಗೋಡೆ, ಅದೇ ಕಾರು, ಅದೇ ಕುಂಡ. ಕಿನ್ಜೊ ನೇರವಾಗಿ ನಡೆದರು. ನೇರವಾಗಿ ನಡೆದದ್ದರಿಂದಲೇ ಮೊದಲಿನ ಜಾಗಕ್ಕೆ ಬಂದರು. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಫುಟೊನ್ ಹಾಸಿಗೆ ಒಣಗಿಸುತ್ತಿದ್ದಳು. ಎರಡನೆಯ ಸಲ ಹಾದುಹೋದಾಗ ತಲೆಬಾಗಿದಳು. ಮೂರನೆಯ ಸಲ, "ಯಾರ ಮನೆ ಬೇಕಾಗಿತ್ತು?" ಎಂದು ಕೇಳಿದಳು.

"ಯಾರ ಮನೆಯೂ ಬೇಡಮ್ಮ. ಈ ಊರಿನ ಮೀಟರು ಓದಿದವನು ನಾನು. ದಾರಿ ಗೊತ್ತು," ಎಂದರು ಕಿನ್ಜೊ. ನಾಲ್ಕನೆಯ ಸಲ ಅವಳ ಮುಂದೆ ಹಾದುಹೋಗುವಾಗ ಕೆಲಸವಿದ್ದವರಂತೆ ಗಡಿಯಾರ ನೋಡಿಕೊಂಡರು. ಅಂತೂ ಕಾಡಿನ ಅಂಚು ಸಿಕ್ಕಾಗ ಹತ್ತೂಮುಕ್ಕಾಲು.

ಕಾಡು ಮಾತ್ರ ಹಾಗೆಯೇ ಇತ್ತು. ಓಕ್ ಮರದ ಎಲೆಗಳು ಕಾಲಡಿ ಸರಸರ ಎನ್ನುತ್ತಿದ್ದವು. ಹಂದಿಗಳು ಮೂತಿಯಿಂದ ನೆಲ ಕೆದಕಿದ್ದವು. ಸೆಕೆಯಾಯಿತು. ಕೋಟು ಕಳಚಿ, ಟೋಪಿ ತೆಗೆದು, ಎರಡನ್ನೂ ಬಟ್ಟೆಯ ಗಂಟಿನಲ್ಲಿ ಕಟ್ಟಿದರು. ಕೊಡೆಯನ್ನು ಊರುಗೋಲು ಮಾಡಿಕೊಂಡು, ಯಸೊಜಿಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರು.

"ಯಸೊಜಿ, ಯೋಚನೆ ಮಾಡಿ ನೋಡಿದೆ. ಹಿನೊಕಮಿ ಅನ್ನೋ ಹೆಸರೇ ಚೆನ್ನಾಗಿತ್ತು." ಮರಗಳಿಗೆ ಹೇಳುವಾಗ ಸಲೀಸಾಗಿ ಬಂತು.

ಅಷ್ಟರಲ್ಲಿ ಊರಿನ ಧ್ವನಿವರ್ಧಕದ ಗಂಟೆ ಕಾಡಿಗೆ ಕೇಳಿಸಿತು. ಭೂಕಂಪ, ಬೆಂಕಿ, ಕಾಣೆಯಾದ ಮುದುಕರು, ಎಲ್ಲಕ್ಕೂ ಅದೊಂದೇ ಗಂಟೆ. ಗುಡ್ಡಕ್ಕೆ ಬಡಿದು ಮಾತು ಎರಡೆರಡಾಗಿ ಬರುತ್ತಿತ್ತು.

"ಇದು... ಕಮಿತಾನಿ ಪುರಸಭೆ... ಸಭೆ... ಬೆಳಗ್ಗೆ ಒಂಬತ್ತರಿಂದ... ಎಪ್ಪತ್ತೇಳು ವರ್ಷದ ಗಂಡಸು... ಕಾಣೆಯಾಗಿದ್ದಾರೆ... ದ್ದಾರೆ... ಎತ್ತರ ನೂರೈವತ್ತಾರು ಸೆಂಟಿಮೀಟರ್... ಸಣಕಲು ಮೈ... ಬೆನ್ನು ಬಾಗಿದೆ... ತಲೆಯ ಮುಂಭಾಗ ಬೋಳು... ಹಳೆಯ ಬೂದು ಕೋಟು..."

ಕಿನ್ಜೊ ನಿಂತು ಕೇಳಿಸಿಕೊಂಡರು. ಮನಸ್ಸು ಕರಗಿತು. "ಪಾಪ, ನನ್ನ ವಯಸ್ಸೇ. ಮನೆಯವರು ಹೇಗೆ ಬಿಟ್ಟರೋ!"

ಅವರನ್ನು ದೂರಬೇಡಿ. ಕಿನ್ಜೊ ಅವರ ಎತ್ತರ ನೂರರವತ್ತಮೂರು. ನೌಕರಿಗೆ ಸೇರಿದ ದಿನ ಅಳೆದು ಬರೆದುಕೊಂಡದ್ದು. ಬೆನ್ನು ನೇರ, ಏಕೆಂದರೆ ಅವರು ಅದನ್ನು ಎಂದೂ ನೋಡಿರಲಿಲ್ಲ. ತಲೆ ಬೋಳಲ್ಲ, ಹಣೆ ವಿಶಾಲ. ಕೋಟಂತೂ ಅಪ್ಪಟ ನೀಲಿ. ಇಪ್ಪತ್ತೆರಡು ವರ್ಷದ ಹಿಂದೆ ಕೊಂಡಾಗ ಅಂಗಡಿಯವನೇ ಹೇಳಿದ್ದ.

ಕೆಳಗಿನಿಂದ ಹಳದಿ ಜಾಕೆಟ್ ತೊಟ್ಟ ಆರು ಜನ ಸ್ವಯಂಸೇವಕರು ಏದುಸಿರು ಬಿಡುತ್ತ ಹತ್ತಿಬಂದರು. ಎಲ್ಲರೂ ಹೊಸ ಬಡಾವಣೆಯವರು. ಅವರ ಮುಂದಾಳು ಇಗರಾಶಿ ಎಂಬ ದಪ್ಪ ಮೈಯ ಅಕ್ಕಿ ವ್ಯಾಪಾರಿ.

"ಸಾರ್, ಈ ಕಡೆ ಒಬ್ಬರು ತಾತ ಬಂದಿದ್ದನ್ನ ನೋಡಿದ್ರಾ? ಬಡಾವಣೆಯಲ್ಲಿ ನಾಲ್ಕು ಸಲ ಸುತ್ತಾಡ್ತಿದ್ರಂತೆ. ಸ್ವಲ್ಪ..." ಎಂದು ತಲೆಯ ಪಕ್ಕ ಬೆರಳು ತಿರುಗಿಸಿದ.

"ನಾಲ್ಕು ಸಲ! ಅಯ್ಯೋ ಪಾಪ. ಇಲ್ಲಪ್ಪ, ನಾನು ನೋಡಲಿಲ್ಲ."

"ನಮಗೆ ಈ ಕಾಡು ಗೊತ್ತಿಲ್ಲ. ನಿಮಗೇನಾದ್ರೂ..."

ಕಿನ್ಜೊ ಗಡಿಯಾರ ನೋಡಿದರು. ಹನ್ನೊಂದು. ಇಲ್ಲಿಂದ ಹಿನೊಸೆಗೆ ಮುಕ್ಕಾಲು ಗಂಟೆ ಸಾಕು. ಕಾರು ಹೊರಡುವುದು ಎರಡಕ್ಕೆ. ಮರೆವು ಬಂದ ಮುದುಕನನ್ನು ಕಾಡಿನಲ್ಲಿ ಬಿಟ್ಟು ಹೋಗಿ ಗೆಳೆಯನ ಮುಂದೆ ನಿಲ್ಲುವುದು ಹೇಗೆ?

"ಒಂದು ಗಂಟೆ ಕೊಡ್ತೀನಿ," ಎಂದರು. "ಕಳೆದುಹೋದ ಮುದುಕರು ಮೂರೇ ಕಡೆ ಸಿಗೋದು. ಕೆರೆ, ಗುಡಿ, ಬಿದಿರು ಮೆಳೆ. ನನ್ನ ಹಿಂದೆ ಬನ್ನಿ!"

ಕೊಡೆಯನ್ನು ಸೇನಾಪತಿಯ ಕತ್ತಿಯಂತೆ ಎತ್ತಿ ಮುಂದೆ ನಡೆದರು. ಕೆರೆಯ ಹತ್ತಿರ "ತಾತಾ!" ಎಂದು ಕೂಗಿದರು. ಗುಡಿಯ ಹಿಂದೆ ಬಗ್ಗಿ ನೋಡಿದರು. ಬಿದಿರು ಮೆಳೆಯಲ್ಲಿ, "ಹೆದರಬೇಡಿ ತಾತ, ನಿಮ್ಮ ಹೆಂಡತಿ ಬೈಯಲ್ಲ, ಬನ್ನಿ ಹೊರಗೆ!" ಎಂದು ಅಭಯ ಕೊಟ್ಟರು. ಗುಂಪಿನಲ್ಲಿದ್ದ ಹೆಂಗಸೊಬ್ಬಳು, "ಇವರಿಗೂ ವಯಸ್ಸಾಗಿದೆ, ಎಷ್ಟು ಚುರುಕು ನೋಡಿ! ಆ ತಾತ ಹೇಗೋ ಪಾಪ," ಎಂದಳು. ಆ ಒಂದು ಮಾತಿಗೆ ಕಿನ್ಜೊ ಇನ್ನೊಂದು ಅರ್ಧ ಗಂಟೆ ಕೊಟ್ಟರು. ಕೊಡಬಾರದಿತ್ತು.

ಹನ್ನೆರಡೂ ಐವತ್ತಕ್ಕೆ ಎಲ್ಲರೂ ಜಿಜೊ ದೇವರ ಕಲ್ಲಿನ ಮುಂದೆ ಬಂದು ನಿಂತರು. ಕಲ್ಲಿಗೆ ಯಾರೋ ಹೊಸ ಕೆಂಪು ಬಟ್ಟೆ ಕಟ್ಟಿದ್ದರು. ಎಡಕ್ಕೆ ಹಿನೊಸೆಯ ಇಳಿಜಾರು.

"ಇನ್ನು ನೀವು ನೋಡ್ಕೊಳ್ರಪ್ಪ," ಎಂದರು ಕಿನ್ಜೊ. "ನಾನು ಈ ದಾರೀಲಿ..." ಎಂದು ಕೊಡೆಯಿಂದ ತೋರಿಸಿದರು.

ಆಗ ಮತ್ತೆ ಗಂಟೆ. ಈ ಸಲ ಕಮಿತಾನಿಯ ಧ್ವನಿವರ್ಧಕದ ಹಿಂದೆಯೇ ಹಿನೊಸೆಯದೂ ದನಿಗೂಡಿಸಿತು. ಹದಿನೆಂಟು ವರ್ಷದಲ್ಲಿ ಎರಡು ಊರುಗಳು ಒಂದೇ ಮಾತಾಡಿದ್ದು ಅದೇ ಮೊದಲು.

"ಕಾಣೆಯಾದ ಗಂಡಸಿನ ಬಗ್ಗೆ... ಹೆಚ್ಚಿನ ವಿವರ... ಬಿಸಿಲಿದ್ದರೂ... ಕೈಯಲ್ಲಿ ಕಪ್ಪು ಕೊಡೆ... ಕೊಡೆ... ಬಿದಿರಿನ ಹಿಡಿ... ಹಿಡಿಯ ಮೇಲೆ... ಎಂಟು ಎಂದು ಕೆತ್ತಿದೆ... ತ್ತಿದೆ..."

ಇಗರಾಶಿ ಕೊಡೆಯ ತುದಿ ನೋಡಿದ. ಅಲ್ಲಿಂದ ನಿಧಾನವಾಗಿ ಹಿಡಿಗೆ ಬಂದ. ಹಿಡಿಯಿಂದ ಕೈಗೆ, ಕೈಯಿಂದ ವಿಶಾಲವಾದ ಹಣೆಗೆ. ಉಳಿದ ಐದು ಜನವೂ ನೋಡಿದರು. ಜಿಜೊ ದೇವರೂ ನೋಡಿದಂತಿತ್ತು.

"ತಾತ," ಎಂದ ಇಗರಾಶಿ. ಇಲ್ಲಿಯವರೆಗೆ 'ಸಾರ್' ಆಗಿದ್ದವರು ಒಂದೇ ಉಸಿರಿಗೆ ತಾತ ಆಗಿದ್ದರು. ದನಿಗೆ ಬೆಣ್ಣೆ ಬಂದಿತ್ತು. "ಕಾಲು ನೋಯ್ತಿದೆಯಾ ತಾತ? ಒಂಚೂರು ಕೂತ್ಕೊಳ್ಳೋಣ್ವಾ?"

"ಯಾರಯ್ಯ ತಾತ? ನೀವು ಹುಡುಕ್ತಿರೋದು ನನ್ನನ್ನಲ್ಲ! ನನ್ನ ಎತ್ತರ ನೂರರವತ್ತಮೂರು!"

"ಹೌದು ತಾತ. ಜಾಸ್ತೀನೇ ಇದೀರಿ."

"ನಾನು ಹಿನೊಸೆಗೆ ಹೋಗಬೇಕು! ಎರಡು ಗಂಟೆಯೊಳಗೆ ಹೋಗಬೇಕು!"

"ಹೋಗೋಣ ತಾತ, ಹಿನೊಸೆಗೇ ಹೋಗೋಣ," ಎನ್ನುತ್ತ ಅವರು ಕಿನ್ಜೊ ಅವರನ್ನು ಎರಡೂ ಕಡೆ ಹಿಡಿದು, ಬಹಳ ಪ್ರೀತಿಯಿಂದ, ಕಮಿತಾನಿಯ ಕಡೆಗೆ ಇಳಿಸಿಕೊಂಡು ಹೋದರು. ಆರು ಜನರ ಕರುಣೆಯ ಮುಂದೆ ಒಬ್ಬ ಮನುಷ್ಯನ ನಿಜ ಏನು ಮಾಡೀತು?

ಠಾಣೆಯಲ್ಲಿ ಕಿರಿಯ ಪೊಲೀಸನೊಬ್ಬ ಬಾರ್ಲಿ ಚಹಾ ಕೊಟ್ಟು, ಕಾಗದ ಹಿಡಿದು ಕೂತ. ಗೋಡೆಯ ಮೇಲೆ ಒಂದೂ ನಲವತ್ತು.

"ತಾತ, ಇದು ಯಾವ ಊರು ಹೇಳ್ತೀರಾ?"

ಕಿನ್ಜೊ ಅವರ ಪಿತ್ತ ನೆತ್ತಿಗೇರಿತ್ತು. "ಜನಕ್ಕೆ ಬುದ್ಧಿ ಇದ್ದಿದ್ರೆ ಕಮಿಹಿನೊ ಆಗ್ಬೇಕಿತ್ತು!"

'ಊರಿನ ಹೆಸರು: ಕಮಿಹಿನೊ' ಎಂದು ಅವನು ಮರುಕದಿಂದ ಬರೆದುಕೊಂಡ. ಊರುಗಳ ಜಗಳದ ಕಾಲಕ್ಕೆ ಅವನಿನ್ನೂ ಹಾಲುಹಲ್ಲು ಉದುರದ ಕೂಸು. "ಹಿನೊಸೆಗೆ ರೈಲಿದೆಯಲ್ಲ ತಾತ. ಕಾಡಿನಲ್ಲಿ ಯಾಕೆ ಹೋದ್ರಿ?"

"ಸ್ಟೇಷನ್ನಿಗೆ ಕಾಲಿಡಲ್ಲ ಅಂತ ಆಣೆ ಮಾಡಿದೀನಿ."

"ಯಾವಾಗ?"

"ಹದಿನೆಂಟು ವರ್ಷದ ಹಿಂದೆ."

"ನೂರರಲ್ಲಿ ಏಳು ಕಳೆದ್ರೆ ಎಷ್ಟು ತಾತ?"

"ತೊಂಬತ್ತಮೂರು! ಅದರಲ್ಲಿ ಏಳು ಕಳೆದ್ರೆ ಎಂಬತ್ತಾರು! ಮೂವತ್ತನಾಲ್ಕು ವರ್ಷ ಮೀಟರ್ ಲೆಕ್ಕ ಕಳೆದವನು ನಾನು! ಈಗ ಒಂದೂ ಐವತ್ತು, ಎರಡರಲ್ಲಿ ಅದನ್ನ ಕಳೆದ್ರೆ ಹತ್ತೇ ನಿಮಿಷ ಕಣಯ್ಯ ಉಳಿದಿರೋದು!"

ಶಿಜುಯೆ ಓಡೋಡಿ ಬಂದಾಗ ಎರಡೂ ಹತ್ತು. ಗಂಡ ಮನೆಗೆ ಬಂದರೆ ಯಾರಾದರೂ ಇರಲಿ ಎಂದು ನೆಗಿಶಿ ಅವಳನ್ನು ಅಷ್ಟು ಹೊತ್ತೂ ಫೋನಿನ ಪಕ್ಕ ಕೂರಿಸಿದ್ದಳು. ಬಂದವಳು ಗಂಡನ ಮುಖ ನೋಡಿದಳು. ಮಡಿಲಲ್ಲಿದ್ದ ಕೊಡೆ ನೋಡಿದಳು. ಅದರ ಮೇಲಿನ ಎಂಟು ನೋಡಿದಳು. ಬೂದು ಕೋಟಿನಿಂದ ಈ ಎಂಟರವರೆಗೆ ಎಲ್ಲವನ್ನೂ ಪೊಲೀಸರಿಗೆ ಫೋನಿನಲ್ಲಿ ವರ್ಣಿಸಿದವಳು ಅವಳೇ. ಆದರೆ ವರ್ಣಿಸುವುದು ಬೇರೆ, ನೋಡುವುದು ಬೇರೆ.

"ರೀ, ನಿಜವಾಗ್ಲೂ ಹತಾನೊ ಅವರ ಹತ್ರ ಹೊರಟಿದ್ರಾ?"

"ಎರಡು ಗಂಟೆಗೇ ಹೊರಟಿರ್ತಾನೆ ಕಣೇ. ಹೊಕ್ಕೈಡೊಗೆ." ದನಿ ಆರಿದ ಕಾಗದದ ಬೆಂಕಿಯಂತಿತ್ತು.

ಪೊಲೀಸ, "ಅಮ್ಮ, ಒಂದ್ಸಲ ಡಾಕ್ಟರಿಗೆ ತೋರಿಸಿ. ಮರೆವು ಶುರುವಾದ ಹಾಗಿದೆ," ಎಂದ.

ಶಿಜುಯೆ ತಿರುಗಿ ನಿಂತಳು. "ಇವರಿಗೆ ಮರೆವಾ? ಆ ಭಾಗ್ಯ ಎಲ್ಲಿಂದ ಬರಬೇಕಪ್ಪ! ಮರೆವು ಇದ್ದಿದ್ರೆ ಹದಿನೆಂಟು ವರ್ಷದ ಹಿಂದೇನೇ ಜಗಳ ಮುಗೀತಿತ್ತು. ಏಳ್ರೀ ಮೇಲೆ! ಎರಡೂ ಇಪ್ಪತ್ತನಾಲ್ಕಕ್ಕೆ ರೈಲಿದೆ."

"ರೈಲಾ? ಆಣೆ..."

"ಆಣೆ ನನ್ನ ತಲೆ ಮೇಲಿರ್ಲಿ. ನಡೀರಿ!"

ರೈಲಿನಲ್ಲಿ ಕಿನ್ಜೊ ಕಿಟಕಿಯ ಪಕ್ಕ ನಿಂತರು. ಕೂರಲು ಮನಸ್ಸಾಗಲಿಲ್ಲ. "ಯಸೊಜಿ, ಯೋಚನೆ ಮಾಡಿ ನೋಡಿದೆ..." ಎಂದು ಶುರುಮಾಡಿದರು. ಬಡಾವಣೆಯ ಬೆನ್ನು ಹೋಯಿತು, ಗುಡ್ಡದ ಮಗ್ಗುಲು ಹೋಯಿತು. ರೈಲ್ವೆ ಗೇಟಿನ ಟಣ್ ಟಣ್ ಕೇಳಿಸಿತು. ಗೇಟಿನ ಆಚೆ ಬಿಳಿಯ ಕಾರೊಂದು ರೈಲು ಹೋಗಲೆಂದು ಕಾದಿತ್ತು. ಮಾತು ಮುಗಿಯುವ ಮುಂಚೆ ಹಿನೊಸೆ ಬಂದೇಬಿಟ್ಟಿತು. ಬಾಗಿಲು ತೆರೆಯಿತು. ಹದಿನೆಂಟು ವರ್ಷ ಕಾದಿದ್ದ ಪ್ಲಾಟ್‌ಫಾರಂ ಮೇಲೆ ಕಾಲಿಟ್ಟರು. ಯಾರೂ ಕೇಳಲಿಲ್ಲ. ಅವರ ಆಣೆಯ ಸಾಕ್ಷಿಗಳಲ್ಲಿ ಅರ್ಧ ಜನ ಸತ್ತಿದ್ದರು, ಉಳಿದರ್ಧ ಜನ ಮರೆತಿದ್ದರು.

ಯಸೊಜಿಯ ಮನೆಯ ಬಾಗಿಲಿನ ಹೆಸರಿನ ಹಲಗೆ ಕಿತ್ತಿದ್ದರು. ಅದಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಎದುರುಮನೆಯಿಂದ ಕುಮೆ ಒದ್ದೆ ಕೈ ಒರೆಸುತ್ತ ಓಡಿಬಂದಳು.

"ಅಯ್ಯೋ ಉಸಾಮಿಯವರೇ! ಈಗ ತಾನೇ ಹೋದ್ರಲ್ಲ! ಹತ್ತು ಹನ್ನೆರಡು ನಿಮಿಷ ಆಯ್ತೇನೋ. ಬಿಳಿ ಕಾರು. ರೈಲ್ವೆ ಗೇಟಲ್ಲಿ ಸಿಕ್ಕಿಹಾಕ್ಕೊಂಡಿದ್ರೂ ಇರಬಹುದು."

ಕಿನ್ಜೊ ಶಿಜುಯೆಯ ಮುಖ ನೋಡಿದರು. ಅವಳು ನೆಲ ನೋಡಿದಳು.

"ಎರಡಕ್ಕೆ ಹೊರಡಬೇಕಿತ್ತು," ಎಂದಳು ಕುಮೆ. "ಒಂದು ಗಂಟೆ ಹೊತ್ತಿಗೆ ಧ್ವನಿವರ್ಧಕದಲ್ಲಿ ಹೇಳಿದ್ರಲ್ಲ, ಕಪ್ಪು ಕೊಡೆ, ಎಂಟು ಅಂತ. ಫೋನು ಕೇಳಿಸ್ದೇ ಇದ್ರೂ ಅದು ಕೇಳಿಸ್ತದೆ ಅವರಿಗೆ. ಎದ್ದು ನಿಂತ್ಬಿಟ್ರು. 'ಅದು ನನ್ನ ಕೊಡೆ! ಕಿನ್ಜೊ ಬರ್ತಿದಾನೆ! ಆ ಮೂರ್ಖ ರೈಲಲ್ಲಿ ಬರಲ್ಲ, ಕಾಡಿನ ದಾರೀಲಿ ಬರ್ತಾನೆ' ಅಂತ. ಹಿತ್ತಿಲಿನ ಆಚೆ ಕುರ್ಚಿ ಹಾಕಿಸ್ಕೊಂಡು ಕೂತ್ರು. ಮಿನಾಕೊ ಪಾಪ, ವಿಮಾನಕ್ಕೆ ಹೊತ್ತಾಗತ್ತೆ ಅಂತ ಬೇಡ್ಕೊಂಡ್ಲು. 'ಇನ್ನೊಂದು ಐದು ನಿಮಿಷ' ಅಂತ ಐದು ಸಲ ಅಂದ್ರು. ಆ ಮಂಡಿ ಇಟ್ಕೊಂಡು ಕಾಡೊಳಗೂ ಒಂದಿಷ್ಟು ದೂರ ಹೋಗಿ ಕೂಗಿದ್ರು. 'ಕಿನ್ಜೋ, ಜಿಜೊ ಹತ್ರ ಎಡಕ್ಕೆ ಕಣೋ!' ಅಂತ."

ಹಿತ್ತಿಲಿನ ಆಚೆ, ಕಾಡಿನ ದಾರಿ ಇಳಿದು ಮುಗಿಯುವಲ್ಲಿ, ಮರದ ಕುರ್ಚಿಯೊಂದು ಕಾಡಿನ ಕಡೆಗೆ ಮುಖ ಮಾಡಿ ನಿಂತಿತ್ತು.

"ಏನಾದ್ರೂ ಹೇಳಿದ್ನಾ?" ಎಂದರು ಕಿನ್ಜೊ.

"ಹೇಳಿದ್ರು. ಕಾರು ಹತ್ತುವಾಗ. 'ಅವನು ಬಂದ್ರೆ ಹೇಳು, ಕಮಿಹಿನೊ ಅನ್ನೋ ಹೆಸರೇ ಚೆನ್ನಾಗಿತ್ತು' ಅಂದ್ರು."

ಕಿನ್ಜೊ ಅವರ ಮುಖ ಕೆಂಪಾಯಿತು. "ನೋಡಿದ್ಯಾ ಅವನ ಬುದ್ಧಿ! ಅದನ್ನ ಮೊದಲು ಹೇಳಬೇಕಾದವನು ನಾನು. ಬೆಳಗ್ಗೆಯಿಂದ ಅಭ್ಯಾಸ ಮಾಡ್ಕೊಂಡು ಬಂದಿದೀನಿ. ಹಿನೊಕಮಿಯೇ ಚೆನ್ನಾಗಿತ್ತು ಅಂತ! ಅದರಲ್ಲೂ ಮುಂದೆ ಹೋಗ್ಬಿಟ್ಟ. ಬರ್ಲಿ, ಮಾಡ್ತೀನಿ ಅವನಿಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬರುವವನು ಯಾರೂ ಇರಲಿಲ್ಲ.

ಕುರ್ಚಿಯಲ್ಲಿ ಕೂತರು. ಕಾಡು ಎದುರಿಗಿತ್ತು. ಬರಬೇಕಾದವರು ಕಾಣುತ್ತಾರೇನೋ ಎಂಬಂತೆ ಅವರೂ ಸ್ವಲ್ಪ ಹೊತ್ತು ನೋಡಿದರು. ಆಗ ಗಂಟೆ ಬಾರಿಸಿತು.

"ಬೆಳಗ್ಗೆಯಿಂದ ಕಾಣೆಯಾಗಿದ್ದ... ಎಪ್ಪತ್ತೇಳು ವರ್ಷದ ಗಂಡಸು... ಸುರಕ್ಷಿತವಾಗಿ ಸಿಕ್ಕಿದ್ದಾರೆ... ಸಹಕರಿಸಿದ ಎಲ್ಲರಿಗೂ... ಧನ್ಯವಾದ..."

"ಇಷ್ಟು ಹೊತ್ತಿಗೆ ಹೆದ್ದಾರಿ ಸೇರಿರ್ತಾರೆ," ಎಂದಳು ಕುಮೆ. "ಅಲ್ಲಿಗೆ ಇದು ಕೇಳಿಸಲ್ಲ."

ಕಿನ್ಜೊ ಎದ್ದು ಕೊಡೆಯನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿದರು. ಒಮ್ಮೆ ತಲೆಬಾಗಿ ಹೊರಟರು. ಹತ್ತು ಹೆಜ್ಜೆ ಹೋದವರು ವಾಪಸ್ ಬಂದು ಅದನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡರು.

"ಯಾಕ್ರೀ?" ಎಂದಳು ಶಿಜುಯೆ.

"ಕೊಟ್ಟುಬಿಟ್ರೆ ಅವನ ಹತ್ರ ಹೋಗೋಕೆ ಏನು ನೆಪ ಉಳೀತು?"

"ಹೊಕ್ಕೈಡೊಗೆ ಹೋಗೋಣ ರೀ. ವಸಂತ ಬರ್ಲಿ, ಹೋಗೇಬಿಡೋಣ."

"ಹೂಂ," ಎಂದರು. ಡಾಕ್ಟರು ಏನೋ ಹೇಳಿದ್ದಾರೆಂದು ಕುಮೆ ಹೇಳಿದ್ದು ಇಬ್ಬರಿಗೂ ನೆನಪಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

ವಾಪಸ್ಸಿನ ರೈಲಿನಲ್ಲಿ ಕಿನ್ಜೊ ಗಂಟು ಬಿಚ್ಚಿ ಕೋಟು ಹಾಕಿಕೊಂಡು ಕೂತರು. ಕೊಡೆಯನ್ನು ಮಂಡಿಗಳ ನಡುವೆ ನಿಲ್ಲಿಸಿ, ಎಂಟರ ಮೇಲೆ ಹೆಬ್ಬೆರಳು ಇಟ್ಟುಕೊಂಡು, ಹೊರಗೆ ನೋಡಿದರು. ಗೇಟು ತೆರೆದಿತ್ತು; ಯಾವ ಕಾರೂ ಇರಲಿಲ್ಲ. ಗುಡ್ಡ ಬಂತು, ಬಡಾವಣೆ ಬಂತು. ಅವರು ಇನ್ನೂ ಸರಿಯಾಗಿ ಬೆನ್ನು ಒರಗಿಸಿರಲಿಲ್ಲ. ಅಷ್ಟರಲ್ಲಿ ಗಾರ್ಡು ಕಮಿತಾನಿ ಎಂದು ಕೂಗಿದ.

"ಶಿಜುಯೆ," ಎಂದರು ಏಳದೆ. "ಇಷ್ಟೇನಾ?"

"ಇಷ್ಟೇ ರೀ. ಮೊದಲಿಂದಲೂ ಇಷ್ಟೇ. ನಾಲ್ಕು ನಿಮಿಷ."

"ಮುಂಚೆ ದೂರ ಇತ್ತು," ಎಂದರು ಕಿನ್ಜೊ. "ಈಗಿನ ರೈಲು ಬಹಳ ಜೋರಾಗಿ ಓಡ್ತವೆ."

ಶಿಜುಯೆ ಗಂಡನ ಕೋಟಿನ ಕಾಲರು ಸರಿಪಡಿಸಿದಳು. ನೀಲಿ ಕೋಟು, ಎಂದುಕೊಂಡಳು. ಮುಂದಿನ ಸಲ ಯಾರಾದರೂ ಕೇಳಿದರೆ ನೀಲಿ ಎಂದೇ ಹೇಳಬೇಕು.